ಟಿವಿ, ಫ್ರಿಜ್ ಸುಟ್ಟಿದ್ದಕ್ಕೆ ಯಾರು ಹೊಣೆ? ಗಂಗಾವತಿಯ ಒಂದು ವೈರಿಂಗ್ ತಕರಾರು

ವೈರಿಂಗ್ ಕೆಲಸ ಮುಗಿಸಿ ಬಂದ ಮೇಲೆ ಆ ಮನೆಯಲ್ಲಿ ಏನೇ ಸುಟ್ಟರೂ ಮಾತು ಬರುವುದು ಕೊನೆಗೆ ಕೈ ಹಾಕಿದವನ ಮೇಲೆ. ಕಾಂಟ್ರ್ಯಾಕ್ಟ್ ಹಿಡಿಯುವ ಎಲ್ಲರಿಗೂ ಇದು ಗೊತ್ತು. ಹೋದ ಬೇಸಿಗೆಯಲ್ಲಿ ನನ್ನ ಮೇಲೂ ಅಂಥದೊಂದು ತಕರಾರು ಬಂತು. ಅದು ಹೇಗೆ ಬಗೆಹರಿಯಿತು ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾರಿಗಾದರೂ ಕೆಲಸಕ್ಕೆ ಬರಬಹುದು.

ಮನೆ ಹಳೆಯದು, ತ್ರೀ ಫೇಸ್ ಕನೆಕ್ಷನ್. ಮಾಲೀಕರು ಅಕ್ಕಿ ವ್ಯಾಪಾರದವರು. ಮೇಲಿನ ಮಹಡಿಯ ವೈರಿಂಗ್, ಹೊಸ ಡಿಬಿ (ಮನೆಯೊಳಗೆ ಕರೆಂಟ್ ಹಂಚುವ, ಎಂಸಿಬಿ ಕೂರುವ ಡಬ್ಬಿ), ಎರಡು ಎಸಿ ಪಾಯಿಂಟ್, ಇಷ್ಟು ನನ್ನ ಕೆಲಸ. ಮೀಟರಿನಿಂದ ಡಿಬಿವರೆಗಿನ ಮೇನ್ ಕೇಬಲ್ ಹಳೆ ಅಲ್ಯೂಮಿನಿಯಂದು, ನಡುವೆ ಪಿಂಗಾಣಿ ಫ್ಯೂಸಿನ ಹಳೆ ಕಬ್ಬಿಣದ ಮೇನ್ ಸ್ವಿಚ್. "ಸಾಹುಕಾರ್ರೆ, ಎರಡು ಎಸಿ ಬಂದ್ರೆ ಇದು ತಡೆಯಲ್ಲ, ಇದನ್ನೂ ಬದಲಿ ಮಾಡೋಣ" ಅಂದೆ. "ಈಗ ಬ್ಯಾಡ್ರಿ, ದೀಪಾವಳಿ ಆದ ಮ್ಯಾಗ ನೋಡೋಣ" ಅಂದರು. ಕೊಟೇಶನ್ನಿನ ಕೆಳಗೆ ಅದನ್ನೇ ಬರೆದೆ: ಮೇನ್ ಕೇಬಲ್, ಮೇನ್ ಸ್ವಿಚ್ ಬದಲಿಸಲು ಹೇಳಿದೆ, ಮಾಲೀಕರು ಸದ್ಯ ಬೇಡ ಎಂದಿದ್ದಾರೆ, ಬದಲಿಸುವ ತನಕ ಒಂದು ಸಲಕ್ಕೆ ಒಂದೇ ಎಸಿ ನಡೆಸಬೇಕು. ಸಹಿ ಮಾಡಿಸಿಕೊಂಡು ಫೋಟೋ ತೆಗೆದು ಅವತ್ತೇ ಅವರ ವಾಟ್ಸಾಪ್‌ಗೆ ಹಾಕಿದೆ.

ಮೇ ತಿಂಗಳು. ನಮ್ಮ ಕಡೆ ಆಗ 40 ಡಿಗ್ರಿ ದಾಟುವುದು ಮಾಮೂಲು. ಎರಡೂ ಎಸಿ ನಡೆದಿವೆ. ಒಂದು ರಾತ್ರಿ ಫೋನ್ ಬಂತು. "ಟಿವಿ ಹೋತು, ಫ್ರಿಜ್ ಹೋತು, ಒಂದು ಎಸಿನೂ ನಿಂತೈತಿ. ನೀವು ಕೈ ಹಚ್ಚಿದ ಮ್ಯಾಲೇ ಆಗಿದ್ದಲ್ಲೇನ್ರಿ? ಎಲ್ಲಾ ನೀವೇ ಕಟ್ಟಿಕೊಡಬೇಕು." ನನ್ನ ಬಿಲ್ ಬಾಕಿಯೂ ಅಲ್ಲಿಗೇ ನಿಂತಿತು.

ಫೋನಿನಲ್ಲಿ ವಾದ ಮಾಡಲಿಲ್ಲ. ಮೇನ್ ಆಫ್ ಮಾಡಿ, ನಾನು ಬರುವವರೆಗೆ ಯಾರೂ ಏನೂ ಬಿಚ್ಚಬೇಡಿ ಅಂದೆ. ಬೆಳಗ್ಗೆ ಹೋದಾಗಲೂ ಮೊದಲು ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಅವರನ್ನೂ ಅವರ ಮಗನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಎಲ್ಲದರ ಫೋಟೋ ತೆಗೆದೆ. ನಾವೊಬ್ಬರೇ ಬಿಚ್ಚಿ ನೋಡಿದರೆ, "ಲೂಸ್ ಇದ್ದದ್ದನ್ನ ಟೈಟ್ ಮಾಡಿಟ್ಟು ಈಗ ಕಥೆ ಹೇಳ್ತಾನೆ" ಅನ್ನುವ ಮಾತು ಬರುತ್ತದೆ. ಆಮೇಲೆ ಎಷ್ಟು ನಿಜ ಹೇಳಿದರೂ ಪ್ರಯೋಜನವಿಲ್ಲ.

ಲೋಡ್ ಇಲ್ಲದೆ ಅಳೆದರೆ ಮೂರೂ ಫೇಸ್ 235ರ ಆಸುಪಾಸು, ಚೆನ್ನಾಗೇ ಇತ್ತು. ತುಂಬಾ ಜನ ಇಲ್ಲಿಗೇ ನಿಲ್ಲಿಸಿ ವೋಲ್ಟೇಜ್ ಸರಿ ಇದೆ ಅಂತ ಹೇಳಿ ಬರುತ್ತಾರೆ, ಜಗಳ ಬೆಳೆಯುವುದೇ ಅಲ್ಲಿಂದ. ನಾನು ಮನೆಯ ಎಲ್ಲಾ ಪ್ಲಗ್ ಕೀಳಿಸಿದೆ. ಒಂದೊಂದು ಫೇಸಿಗೆ ಒಂದೊಂದು ಹಳೆ ತಂತಿ ಬಲ್ಬ್ ಹಾಕಿ, ಆಮೇಲೆ ಗೀಸರ್ ಆನ್ ಮಾಡಿದೆ. ಗೀಸರ್ ಇದ್ದ ಫೇಸಿನ ಬಲ್ಬ್ ಮಂಕಾಯಿತು, ಉಳಿದೆರಡು ಕಣ್ಣು ಕುಕ್ಕುವ ಹಾಗೆ ಬೆಳಗಿದವು. ನನ್ನ ಮಲ್ಟಿಮೀಟರಿನಲ್ಲಿ ಒಂದು ಕಡೆ 150 ವೋಲ್ಟ್, ಉಳಿದ ಕಡೆ 290ರ ಹತ್ತಿರ. ಮಗ ಅದನ್ನು ತನ್ನ ಮೊಬೈಲಿನಲ್ಲೇ ವಿಡಿಯೋ ಮಾಡಿಕೊಂಡ.

ಇದು ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಕೈಕೊಟ್ಟ ಲಕ್ಷಣ. ತ್ರೀ ಫೇಸ್ ಮನೆಯಲ್ಲಿ ಮೂರಕ್ಕೂ ನ್ಯೂಟ್ರಲ್ ಒಂದೇ. ಅದು ಲೂಸ್ ಆದರೆ ಜಾಸ್ತಿ ಲೋಡ್ ಇರುವ ಫೇಸಿನಲ್ಲಿ ವೋಲ್ಟೇಜ್ ಬೀಳುತ್ತದೆ, ಕಡಿಮೆ ಲೋಡ್ ಇರುವ ಕಡೆ ಏರುತ್ತದೆ. ಪೂರ್ತಿ ಕಳಚಿದರೆ 400ರ ಹತ್ತಿರಕ್ಕೂ ಹೋಗಬಹುದು. "ಹೊಸ ಎಂಸಿಬಿ ಹಾಕೀರಿ, ಅದ್ಯಾಕ ಬೀಳ್ಲಿಲ್ಲ?" ಅಂತ ಸಾಹುಕಾರರು ಕೇಳಿದರು. ತಾನಾಗಿ ಬೀಳುವ ಸ್ವಿಚ್‌ಗಳಲ್ಲಿ ಎಂಸಿಬಿ ನೋಡುವುದು ಆಂಪಿಯರ್, ಅಂದರೆ ಎಷ್ಟು ಕರೆಂಟ್ ಹರಿಯುತ್ತದೆ ಅಂತ; ಆರ್‌ಸಿಸಿಬಿ ನೋಡುವುದು ಲೀಕೇಜ್, ಅಂದರೆ ಕರೆಂಟ್ ಸೋರುತ್ತಿದೆಯಾ ಅಂತ. ವೋಲ್ಟೇಜ್ ಏರಿದ್ದು ಎರಡಕ್ಕೂ ಗೊತ್ತಾಗುವುದಿಲ್ಲ.

ಲೂಸ್ ಎಲ್ಲಿ ಅನ್ನುವುದೇ ಈಗ ತಕರಾರಿನ ಜೀವ. ನನ್ನ ಡಿಬಿಯೊಳಗಿದ್ದರೆ ಎರಡು ಮಾತಿಲ್ಲ, ದುಡ್ಡು ನನ್ನದು. ಅದಕ್ಕೇ ಮೊದಲು ಡಿಬಿಯನ್ನೇ ಬಿಚ್ಚಿ ತೋರಿಸಿದೆ. ನ್ಯೂಟ್ರಲ್ ಬಾರ್‌ನ ಒಂದೊಂದು ಸ್ಕ್ರೂ ಬಿಗಿಯಾಗಿತ್ತು, ಎಲ್ಲೂ ಕಪ್ಪಾಗಿರಲಿಲ್ಲ. ಆಮೇಲೆ ಗೀಸರ್ ನಡೆಯುತ್ತಿರುವಾಗಲೇ ಹಳೆ ಮೇನ್ ಸ್ವಿಚ್‌ನ ನ್ಯೂಟ್ರಲ್ ಲಿಂಕ್‌ನ ಆ ಕಡೆಗೊಂದು, ಈ ಕಡೆಗೊಂದು ಪ್ರೋಬ್ ಹಿಡಿದೆ. ಹೆಚ್ಚುಕಮ್ಮಿ ಸೊನ್ನೆ ಇರಬೇಕಾದ ಜಾಗದಲ್ಲಿ 80 ವೋಲ್ಟ್ ಮೇಲೆ ತೋರಿಸಿತು. ಸಪ್ಲೈ ತೆಗೆಸಿ ಬಿಚ್ಚಿದರೆ ಸ್ಕ್ರೂ ಕರಿಯಾಗಿದೆ, ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿ ಹಿಂದಕ್ಕೆ ಸರಿದಿದೆ, ಅಲ್ಯೂಮಿನಿಯಂ ಎಳೆಗಳ ಮೇಲೆ ಬಿಳಿ ಪುಡಿ ಹಿಡಿದಿದೆ. ಅಲ್ಯೂಮಿನಿಯಂ ಬಿಸಿಯಾದಾಗ ಹಿಗ್ಗಿ, ತಣ್ಣಗಾದಾಗ ಕುಗ್ಗಿ, ಸ್ಕ್ರೂ ಕೆಳಗೆ ತಾನಾಗಿಯೇ ಸಡಿಲವಾಗುತ್ತದೆ.

ಆಗ ಮಗ ಕೇಳಿದ: "ಎಸಿ ಪಾಯಿಂಟ್ ಹಾಕಿದ್ದಕ್ಕೇ ಲೋಡ್ ಜಾಸ್ತಿ ಆಗಿ ಸುಟ್ಟಿದ್ದಲ್ವಾ ಅಣ್ಣಾ? ಹಂಗಾದ್ರ ಅದೂ ನಿಮ್ಮ ಕೆಲಸಾನೇ ಅಲ್ಲೇನು?" ಪ್ರಶ್ನೆ ನ್ಯಾಯವಾದದ್ದೇ. ಆ ಸಹಿ ಹಾಳೆ ಇಲ್ಲದಿದ್ದರೆ ನನ್ನ ಹತ್ತಿರ ಬರೀ ಬಾಯಿಮಾತು ಇರುತ್ತಿತ್ತು, ಮತ್ತು ನಾನು ಗೆಲ್ಲುತ್ತಿರಲಿಲ್ಲ. ಗೆಲ್ಲಬಾರದು ಕೂಡ. ಸ್ವಿಚ್ ತಡೆಯಲ್ಲ ಅಂತ ಗೊತ್ತಿದ್ದೂ ಹೇಳದೆ ಲೋಡ್ ಕೊಟ್ಟರೆ ಅದು ಕಾಂಟ್ರ್ಯಾಕ್ಟರ್ ತಪ್ಪೇ. ಸುಮ್ನೆ ಅವರದೇ ವಾಟ್ಸಾಪ್‌ನಲ್ಲಿದ್ದ ಫೋಟೋ ತೆಗೆಸಿ ಓದಿಸಿದೆ.

ಸಾಹುಕಾರರು ಕನ್ಸ್ಯೂಮರ್ ಕೋರ್ಟಿಗೆ ಹೋಗ್ತೀನಿ ಅಂದರು. ಹೋಗಿ ಅಂದೆ, ಸಿಟ್ಟಿನಿಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಎರಡು ವರ್ಷ ಟೈಮ್ ಇದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀಸೂ ಇಲ್ಲ, ಕೊಪ್ಪಳದಲ್ಲೇ ಜಿಲ್ಲಾ ಆಯೋಗ ಇದೆ. ಆದರೆ ಕೆಲಸದಲ್ಲಿ ಕೊರತೆ ಇತ್ತು ಅಂತ ದೂರು ಕೊಟ್ಟವರೇ ತೋರಿಸಬೇಕಾಗುತ್ತದೆ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ ಅಂದೆ: ಸರ್ವಿಸ್ ಸೆಂಟರ್‌ನವರ ಹತ್ತಿರ ಏನು ಸುಟ್ಟಿದೆ ಅಂತ ಬರೆಸಿಕೊಂಡು ಬನ್ನಿ. ಟಿವಿ, ಎಸಿಯೊಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ನೀಲಿ ಬಿಲ್ಲೆಯಂಥ ವೇರಿಸ್ಟರ್ ಇರುತ್ತದೆ, ವೋಲ್ಟೇಜ್ ಮೀರಿದರೆ ಸಾಮಾನ್ಯವಾಗಿ ಮೊದಲು ಒಡೆಯುವುದು ಅದೇ. ಟಿವಿ, ಎಸಿ ಎರಡರ ಚೀಟಿಯಲ್ಲೂ ಹೈ ವೋಲ್ಟೇಜ್ ಅಂತಲೇ ಬಂತು. ಮನೆಯೊಳಗಿನ ವೈರಿಂಗಿಗೆ ಕೆಲಸ ಮುಗಿದ ದಿನ ಹಾಕಿದ್ದ ಮೆಗ್ಗರ್ (ವೈರಿನ ಇನ್ಸುಲೇಶನ್ ಗಟ್ಟಿ ಇದೆಯಾ ಅಂತ ನೋಡುವ ಮೀಟರ್) ರೀಡಿಂಗ್ ನನ್ನ ಹತ್ತಿರ ಇತ್ತು, ಎಲ್ಲಾ ಸರ್ಕ್ಯೂಟ್ 1 ಮೆಗಾಓಮ್‌ಗಿಂತ ಎಷ್ಟೋ ಮೇಲೆ. ಅರ್ಥಿಂಗ್ ರೀಡಿಂಗೂ ತಾರೀಖಿನ ಸಮೇತ ಬರೆದಿಡುತ್ತೇನೆ. ನಮ್ಮ ಎರೆಮಣ್ಣು ಬೇಸಿಗೆಗೆ ಬಿರುಕು ಬಿಟ್ಟರೆ ಆ ರೀಡಿಂಗ್ ಏರಿ ಕೆಡುತ್ತದೆ, ಮಳೆಗಾಲದ ರೀಡಿಂಗ್ ಹಿಡಿದು ಬೇಸಿಗೆಯಲ್ಲಿ ಜಗಳಕ್ಕೆ ಬರುವವರಿದ್ದಾರೆ.

ಅರ್ಧ ಕೊಟ್ಟು ಕೈ ತೊಳೆದುಕೋ ಅಂತ ನಮ್ಮ ಕಸುಬಿನವರೇ ಕೆಲವರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಅರ್ಧ ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗೆಯೇ ಊರು ತಿಳಿಯುತ್ತದೆ. ಸುಟ್ಟ ಸಾಮಾನಿಗೆ ದುಡ್ಡು ಕೊಡಲಿಲ್ಲ. ಬದಲಿಗೆ ಹೊಸ ತಾಮ್ರದ ಮೇನ್ ಕೇಬಲ್, ಹೊಸ ಮೇನ್ ಸ್ವಿಚ್ ಸಾಮಾನು ಅವರು ತರಬೇಕು, ಕೂಲಿ ನಾನು ಬಿಡುತ್ತೇನೆ, ವೋಲ್ಟೇಜ್ ಏರಿದರೆ ಕಟ್ ಮಾಡುವ ಪ್ರೊಟೆಕ್ಟರ್ ಕೂರಿಸಲೇಬೇಕು, ಹಳೆ ಬಾಕಿ ಪೂರ್ತಿ ಕೊಡಬೇಕು ಅಂದೆ. ಇದನ್ನೂ ಬರೆದು ಇಬ್ಬರೂ ಸಹಿ ಹಾಕಿದೆವು. ಫ್ರಿಜ್ ವಿಷಯದಲ್ಲಿ ಸಾಹುಕಾರರಿಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ, ಅದರ ಚೀಟಿ ಅವರು ತರಲೇ ಇಲ್ಲ. ಬಾಕಿ ಮಾತ್ರ ಕೇಬಲ್ ಎಳೆದ ದಿನವೇ ಕೈಗೆ ಬಂತು.