ವಿಂಡೋಸ್‌ನಲ್ಲಿ ಡಿಎಲ್‌ಓಪನ್: ಡಿಎಲ್‌ಎಫ್‌ಸಿಎನ್-ವಿನ್32 ಹಾಕಿಕೊಂಡು ಬಳಸುವ ಬಗೆ

ಲಿನಕ್ಸ್‌ಗೆಂದು ಬರೆದ, ಪ್ಲಗಿನ್‌ಗಳಿರುವ ಸಿ ಪ್ರೋಗ್ರಾಂ ವಿಂಡೋಸ್‌ನಲ್ಲಿ ಕಂಪೈಲ್ ಆಗದೆ ನಿಲ್ಲುವುದು ಹೆಚ್ಚಾಗಿ ಡಿಎಲ್‌ಎಫ್‌ಸಿಎನ್ ಹೆಡರ್ (ಲೈಬ್ರರಿ ತೆರೆಯುವ ಡಿಎಲ್‌ಓಪನ್ ಮುಂತಾದ ಫಂಕ್ಷನ್‌ಗಳನ್ನು ಘೋಷಿಸುವ ಫೈಲ್) ಸಿಗದೆ. ಪ್ರೋಗ್ರಾಂ ಓಡುತ್ತಿರುವಾಗ ಲೈಬ್ರರಿ ತೆರೆಯಲು ವಿಂಡೋಸ್‌ನಲ್ಲಿರುವುದು ಲೋಡ್‌ಲೈಬ್ರರಿ, ಗೆಟ್‌ಪ್ರೋಕ್‌ಅಡ್ರೆಸ್ ಎಂಬ ಬೇರೆಯೇ ಫಂಕ್ಷನ್‌ಗಳು. ಡಿಎಲ್‌ಎಫ್‌ಸಿಎನ್-ವಿನ್32 ಅವುಗಳಿಗೆ ಡಿಎಲ್‌ಓಪನ್, ಡಿಎಲ್‌ಸಿಮ್, ಡಿಎಲ್‌ಕ್ಲೋಸ್, ಡಿಎಲ್‌ಎರರ್ ಎಂಬ ಹೆಸರು ತೊಡಿಸುತ್ತದೆ. ಹೆಸರು ಯುನಿಕ್ಸ್‌ನದು, ಒಳಗೆ ನಡೆಯುವುದು ವಿಂಡೋಸ್ ಲೋಡರ್‌ನ ಕಟ್ಟಳೆ. ತೊಂದರೆಗಳು ಬಹುಪಾಲು ಇದನ್ನು ಮರೆತಾಗಲೇ ಬರುತ್ತವೆ. ವಿಂಡೋಸ್‌ನಲ್ಲಿ ಯುನಿಕ್ಸ್ ವಾತಾವರಣ ಕೊಡುವ ಸಿಗ್ವಿನ್ ಬಳಸುವವರಿಗೆ ಇದು ಬೇಡ. ಅಲ್ಲಿ ಡಿಎಲ್‌ಓಪನ್ ಮೊದಲೇ ಇದೆ.

ಎಂಸಿಸ್2 (ವಿಂಡೋಸ್‌ಗೆ ಜಿಸಿಸಿ ಕಂಪೈಲರ್ ಮುಂತಾದ ಉಪಕರಣ ಕೊಡುವ MSYS2) ಇದ್ದರೆ ಅದರ ಪ್ಯಾಕೇಜ್ ಮ್ಯಾನೇಜರ್ ಪ್ಯಾಕ್‌ಮನ್‌ನಿಂದ ಯುಸಿಆರ್‌ಟಿ64 ಬಗೆಯ ಡಿಎಲ್‌ಎಫ್‌ಸಿಎನ್ ಪ್ಯಾಕೇಜ್ ಹಾಕಿಕೊಳ್ಳಿ. ಕಂಪೈಲ್ ಮಾಡುವುದೂ ಯುಸಿಆರ್‌ಟಿ64 ಶೆಲ್‌ನಲ್ಲೇ ಆಗಬೇಕು. ಎಂಸಿಸ್ ಶೆಲ್‌ನ ಜಿಸಿಸಿಗೆ ಸಿಗ್ವಿನ್ ಮೂಲದ ತನ್ನದೇ ಹೆಡರ್ ಇರುವುದರಿಂದ ಅಲ್ಲಿ ಬೇರೆಯದೇ ಡಿಎಲ್‌ಓಪನ್ ಅಂಟಿಕೊಳ್ಳುತ್ತದೆ. ವಿಷುಯಲ್ ಸ್ಟುಡಿಯೋದವರಿಗೆ ವಿಸಿಪ್ಯಾಕೇಜ್ (vcpkg) ಎಂಬ ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ಡಿಎಲ್‌ಎಫ್‌ಸಿಎನ್-ವಿನ್32 ಎಂಬ ಹೆಸರಿನಲ್ಲೇ ಸಿಗುತ್ತದೆ. ಸೋರ್ಸ್‌ನಿಂದ ಕಟ್ಟುವುದಾದರೆ ಸಿಮೇಕ್ ಸಾಕು. ಸ್ಟ್ಯಾಟಿಕ್ ಲೈಬ್ರರಿ ಬೇಕಿದ್ದರೆ ಶೇರ್ಡ್ ಲೈಬ್ರರಿ ಆಯ್ಕೆಯನ್ನು ಆಫ್ ಮಾಡಿ.

ಲಿಂಕ್ ಮಾಡುವಾಗ 'ಡಿಎಲ್' ಲೈಬ್ರರಿಯನ್ನು ನಿಮ್ಮ ಆಬ್ಜೆಕ್ಟ್ ಫೈಲ್‌ಗಳ ನಂತರ ಬರೆಯಿರಿ. ಹಳೆಯ ಆವೃತ್ತಿಯನ್ನು ಸ್ಟ್ಯಾಟಿಕ್ ಆಗಿ ಸೇರಿಸಿದಾಗ ಎನಮ್‌ಪ್ರೋಸೆಸ್‌ಮಾಡ್ಯೂಲ್ಸ್ ಸಿಗಲಿಲ್ಲವೆಂದು ಲಿಂಕರ್ ದೂರಿದರೆ 'ಡಿಎಲ್' ಆದ ನಂತರ 'ಪಿಎಸ್‌ಎಪಿಐ' ಲೈಬ್ರರಿ ಸೇರಿಸಿ. ಜಿಎನ್‌ಯು ಲಿಂಕರ್ ಎಡದಿಂದ ಬಲಕ್ಕೆ ಹುಡುಕುವುದರಿಂದ ಈ ಕ್ರಮ ತಪ್ಪಬಾರದು.

ಡಿಎಲ್‌ಓಪನ್‌ಗೆ ಪ್ಲಗಿನ್‌ನ ಪೂರ್ಣ ಪಾತ್ ಕೊಡಿ. ಹಾಗೆ ಕೊಟ್ಟಾಗ ಆ ಪ್ಲಗಿನ್ ನೆಚ್ಚಿರುವ ಇತರ ಡಿಎಲ್‌ಎಲ್‌ಗಳನ್ನೂ (ವಿಂಡೋಸ್‌ನ ಶೇರ್ಡ್ ಲೈಬ್ರರಿಗಳನ್ನೂ) ವಿಂಡೋಸ್ ಅದೇ ಫೋಲ್ಡರ್‌ನಲ್ಲಿ ಹುಡುಕುತ್ತದೆ. ಲೈಬ್ರರಿ ಹುಡುಕುವ ಜಾಗವನ್ನು ಲಿನಕ್ಸ್‌ನಲ್ಲಿ ಫೈಲ್‌ನೊಳಗೇ ಬರೆದಿಡುವ ಆರ್‌ಪಾತ್ ಎಂಬುದು ಇಲ್ಲಿಲ್ಲ. ಡಿಎಲ್‌ಓಪನ್‌ನ ಎರಡನೇ ಆರ್ಗ್ಯುಮೆಂಟ್‌ಗೆ ಆರ್‌ಟಿಎಲ್‌ಡಿ ಲೇಜಿ (ಸಿಂಬಲ್‌ಗಳನ್ನು ಬೇಕಾದಾಗ ಜೋಡಿಸು) ಕೊಟ್ಟರೂ ನೌ (ಈಗಲೇ ಜೋಡಿಸು) ಕೊಟ್ಟರೂ ಫಲ ಒಂದೇ. ಲೋಡ್ ಆದ ಡಿಎಲ್‌ಎಲ್ ಮೇಲೆ ಹೊಸ ಫೈಲ್ ಬರೆಯಲು ವಿಂಡೋಸ್ ಬಿಡುವುದಿಲ್ಲ. ಆದ್ದರಿಂದ ಪ್ಲಗಿನ್ ಅನ್ನು ಮತ್ತೆ ಕಟ್ಟುವ ಮುನ್ನ ಎಷ್ಟು ಸಲ ತೆರೆದಿದ್ದೀರೋ ಅಷ್ಟು ಸಲ ಡಿಎಲ್‌ಕ್ಲೋಸ್ ಕರೆಯಿರಿ.

ಡಿಎಲ್‌ಓಪನ್ ಸೋತು ನಲ್ ಹಿಂತಿರುಗಿಸಿದರೆ ತಕ್ಷಣ ಡಿಎಲ್‌ಎರರ್ ಓದಿ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಒಮ್ಮೆ ಓದಿದರೆ ಅದು ಅಳಿಸಿಹೋಗುತ್ತದೆ. ಎರಡನೇ ಸಲ ಕರೆದರೆ ಸಿಗುವುದು ನಲ್. 'ಮಾಡ್ಯೂಲ್ ಸಿಗಲಿಲ್ಲ' ಎಂಬ ಸಂದೇಶ ವಿಂಡೋಸ್‌ನ ದೋಷ ಸಂಖ್ಯೆ 126. ಬಹಳ ಜನರನ್ನು ದಾರಿ ತಪ್ಪಿಸುವುದು ಇದೇ: ಪ್ಲಗಿನ್ ಫೈಲ್ ಕಣ್ಣೆದುರೇ ಇರುತ್ತದೆ, ಕಾಣೆಯಾಗಿರುವುದು ಅದಕ್ಕೆ ಬೇಕಾದ ಇನ್ನೊಂದು ಡಿಎಲ್‌ಎಲ್. ಫೈಲ್‌ನ ಒಳವಿವರ ತೋರಿಸುವ ಆಬ್ಜ್‌ಡಂಪ್‌ಗೆ ಸಣ್ಣ ಪಿ (-p) ಆಯ್ಕೆ ಕೊಟ್ಟು ಪ್ಲಗಿನ್ ಮೇಲೆ ಓಡಿಸಿ, 'ಡಿಎಲ್‌ಎಲ್ ನೇಮ್' ಸಾಲುಗಳನ್ನು ಒಂದೊಂದಾಗಿ ಪರಿಶೀಲಿಸಿ. ಜಿಸಿಸಿಯ ರನ್‌ಟೈಮ್ ಡಿಎಲ್‌ಎಲ್ ಬಿಟ್ಟುಹೋಗಿರುವುದು ಸಾಮಾನ್ಯ. ಸಂಖ್ಯೆ 193 ಬಂದರೆ 64 ಬಿಟ್ ಪ್ರೋಗ್ರಾಂ 32 ಬಿಟ್ ಪ್ಲಗಿನ್ ತೆರೆಯಲು ಹೋಗಿದೆ, ಇಲ್ಲವೇ ಅದರ ತಿರುಗುಮುರುಗು.

ದೋಷ ಸಂಖ್ಯೆ 127 ಎಂದರೆ ಕೇಳಿದ ಫಂಕ್ಷನ್ ಎಕ್ಸ್‌ಪೋರ್ಟ್ ಆಗಿಲ್ಲ. ಪ್ಲಗಿನ್ ಸಿ++ನಲ್ಲಿದ್ದರೆ ಎಕ್ಸ್‌ಟರ್ನ್ ಸಿ ಹಾಕದ ಹೊರತು ಹೆಸರು ತಿರುಚಿಹೋಗಿರುತ್ತದೆ. ಪ್ಲಗಿನ್ ಮುಖ್ಯ ಪ್ರೋಗ್ರಾಂನ ಫಂಕ್ಷನ್ ಹುಡುಕಬೇಕಿದ್ದರೆ ಡಿಎಲ್‌ಓಪನ್‌ಗೆ ನಲ್ ಕೊಟ್ಟರಷ್ಟೇ ಸಾಲದು. ಆ ಫಂಕ್ಷನ್‌ಗಳಿಗೆ ಡಿಎಲ್‌ಎಲ್‌ಎಕ್ಸ್‌ಪೋರ್ಟ್ ಗುರುತು ಹಾಕಿ, ಅಥವಾ ಮಿಂಗ್‌ಡಬ್ಲ್ಯೂ ಲಿಂಕರ್‌ಗೆ ಎಲ್ಲ ಸಿಂಬಲ್ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಕೊಡಿ.

ಇನ್ನೊಂದು ಎಚ್ಚರ: ಪ್ಲಗಿನ್ ಮ್ಯಾಲಾಕ್‌ನಿಂದ ಪಡೆದ ಮೆಮೊರಿಯನ್ನು ಮುಖ್ಯ ಪ್ರೋಗ್ರಾಂ ಫ್ರೀ ಮಾಡಬಾರದು. ಒಂದು ಎಂಎಸ್‌ವಿಸಿಆರ್‌ಟಿ, ಇನ್ನೊಂದು ಯುಸಿಆರ್‌ಟಿ (ಎರಡೂ ವಿಂಡೋಸ್‌ನ ಸಿ ರನ್‌ಟೈಮ್ ಲೈಬ್ರರಿಗಳು) ಬಳಸುತ್ತಿದ್ದರೆ ಎರಡರ ಹೀಪ್ ಲೆಕ್ಕ ಬೇರೆಬೇರೆ. ಪ್ರೋಗ್ರಾಂ ಕುಸಿಯುವುದು ಎಷ್ಟೋ ಹೊತ್ತಿನ ನಂತರ, ಸಂಬಂಧವೇ ಇಲ್ಲದ ಸಾಲಿನಲ್ಲಿ. ಪ್ಲಗಿನ್‌ನಲ್ಲೇ ಬಿಡುಗಡೆ ಮಾಡುವ ಒಂದು ಫಂಕ್ಷನ್ ಬರೆದು, ಅದನ್ನೂ ಡಿಎಲ್‌ಸಿಮ್‌ನಿಂದ ತೆಗೆದುಕೊಂಡು ಕರೆಯಿರಿ.