ಮೂಳೆಗೆ ಮಾತ್ರೆ ಇದೆ, ತೊಡೆಗೆ?

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಮನೆಗಳಿಗೆ ಹೋಗಿ ವಯಸ್ಸಾದವರಿಗೆ ವ್ಯಾಯಾಮ ಮಾಡಿಸುತ್ತೇನೆ. ನನ್ನನ್ನು ಕರೆಯುವುದು ಸಾಮಾನ್ಯವಾಗಿ ಬಿದ್ದು ಮೂಳೆ ಮುರಿದ ಮೇಲೆ. ಆ ಮನೆಗಳಲ್ಲಿ ಕ್ಯಾಲ್ಸಿಯಂ ಮಾತ್ರೆ ಇದ್ದೇ ಇರುತ್ತದೆ. ತೊಡೆ ಮಾತ್ರ ಸೊರಗಿರುತ್ತದೆ. ಎಡವಿದಾಗ ಮೈಯನ್ನು ತಡೆದು ನಿಲ್ಲಿಸುವುದು ತೊಡೆ, ಸೊಂಟದ ಸ್ನಾಯುಗಳು. ಮೂಳೆಯನ್ನು ಎಳೆದು ಅದಕ್ಕೆ ಕೆಲಸ ಕೊಟ್ಟು ಗಟ್ಟಿಯಾಗಿ ಇಡುವುದೂ ಅವೇ.

ಹಾಗಾಗಿ ನಾನು ಮೊದಲು ಕೇಳುವುದು ಒಂದು ಕುರ್ಚಿ. ಎದೆಯ ಮೇಲೆ ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಶಕ್ತಿ ಕುಗ್ಗಿದೆ ಎಂದು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹೇಳಿದೆ. ಆಮೇಲೆ ಟೇಪ್ ಹಿಡಿದು ಮೀನಖಂಡದ ಸುತ್ತಳತೆ ನೋಡುತ್ತೇನೆ. ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಸ್ನಾಯು ಸೊರಗಿರುವ ಅನುಮಾನ. ಈಚೆಗೆ ಕುಳ್ಳಗಾಗಿದ್ದೀರಾ ಅಂತಲೂ ಕೇಳುತ್ತೇನೆ. ನೋವೇ ಇಲ್ಲದೆ ಬೆನ್ನುಮೂಳೆ ಕುಸಿದಿರಬಹುದು. ಹಾಗೆ ಅನಿಸಿದರೆ ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ. ಬಗ್ಗಿ ಪಾದ ಮುಟ್ಟುವ ವ್ಯಾಯಾಮ ಅವರಿಗೆ ಬೇಡವೇ ಬೇಡ.

ವ್ಯಾಯಾಮವೂ ಅದೇ ಕುರ್ಚಿಯಲ್ಲಿ. ಏಳಲು ಕಷ್ಟವಾದರೆ ಸೀಟಿನ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡುತ್ತೇನೆ. ಏಳುವಾಗ ಸಾಮಾನ್ಯ ವೇಗ, ಕೂರುವಾಗ ಮೂರು ಎಣಿಸುತ್ತಾ ನಿಧಾನ. ಎಂಟು-ಹತ್ತು ಸಲ, ನಡುವೆ ವಿಶ್ರಾಂತಿ, ಮತ್ತೆ ಎರಡು ಸುತ್ತು. ವಾರಕ್ಕೆ ಎರಡು ಮೂರು ದಿನ ಸಾಕು. ಸುಲಭವಾದಾಗ ದಿಂಬು ತೆಗೆಯುವುದು, ಆಮೇಲೆ ಒಂದು ಕೆಜಿ ರಾಗಿಹಿಟ್ಟಿನ ಪ್ಯಾಕೆಟ್ ಎದೆಗೆ ಅಪ್ಪಿಕೊಂಡು ಏಳುವುದು. ಭಾರ ಏರದಿದ್ದರೆ ಶಕ್ತಿಯೂ ಏರುವುದಿಲ್ಲ. ಜೊತೆಗೆ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು.

“ಮಂಡಿ ಸವೆದಿದೆ ಕಣಮ್ಮ, ಇದರಿಂದ ಇನ್ನೂ ಸವೆಯಲ್ವಾ?” ಅಂತ ಅಜ್ಜಿಯರು ಕೇಳುತ್ತಾರೆ. “ಇಲ್ಲ ಅಜ್ಜಿ, ತೊಡೆ ಗಟ್ಟಿಯಾದರೆ ಮಂಡಿಗೇ ಆಸರೆ. ನೋವು ಜಾಸ್ತಿ ಆದ್ರೆ ಹೇಳಿ, ಇನ್ನೊಂದು ದಿಂಬು ಹಾಕ್ತೀನಿ” ಅನ್ನುತ್ತೇನೆ. ತಾತಂದಿರದು ಬೇರೆ ಮಾತು: ದಿನಾ ವಾಕಿಂಗ್ ಹೋಗ್ತೀನಲ್ಲ! ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ತೊಡೆಯ ಶಕ್ತಿಗೆ ಅದೊಂದೇ ಸಾಲದು. ಈ ವಯಸ್ಸಿಗೆ ಇದೆಲ್ಲ ಯಾಕೆ ಅನ್ನುವವರಿಗೆ ಬಾಸ್ಟನ್‌ನಲ್ಲಿ ನಡೆದ, 1990ರಲ್ಲಿ ಪ್ರಕಟವಾದ ಪ್ರಯೋಗದ ಬಗ್ಗೆ ಹೇಳುತ್ತೇನೆ. ವೃದ್ಧಾಶ್ರಮದಲ್ಲಿದ್ದ 90ರ ಆಸುಪಾಸಿನವರು ಎಂಟು ವಾರ ಭಾರ ಎತ್ತಿದರು. ಅವರ ಕಾಲಿನ ಶಕ್ತಿ ಸರಾಸರಿ ದುಪ್ಪಟ್ಟಿಗಿಂತ ಜಾಸ್ತಿಯಾಯಿತು.

ಊಟದ ತಟ್ಟೆಯನ್ನೂ ನೋಡದೆ ಬರುವುದಿಲ್ಲ. ಹಲ್ಲಿಲ್ಲ ಅಂತ ಅನ್ನಕ್ಕೆ ಸಾರಿನ ತಿಳಿ ಮಾತ್ರ ಬಡಿಸಿರುತ್ತಾರೆ, ಬೇಳೆ ತಳದಲ್ಲೇ ಉಳಿದಿರುತ್ತದೆ. ವಯಸ್ಸಾದವರಿಗೆ ತೂಕದ ಪ್ರತಿ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಅಂದರೆ 50 ಕೆಜಿಯ ಅಜ್ಜಿಗೆ 50–60 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, 100 ಗ್ರಾಂಗೆ ಸುಮಾರು 360 ಮಿಲಿಗ್ರಾಂ. ಆದರೆ ಪ್ರೋಟೀನ್ ಏಳು ಗ್ರಾಂ ಅಷ್ಟೇ. ಹಾಗಾಗಿ ಮುದ್ದೆ ಜೊತೆ ಮೆತ್ತಗೆ ಬೆಂದ ಹುರುಳಿ, ಗಟ್ಟಿ ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ ಬೇಕು.

ವಿಟಮಿನ್ ಡಿ ಪುಡಿಯನ್ನು ಸುಮ್ನೆ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ, ಒಂದೇ ಸಲಕ್ಕೆ 5 ಲಕ್ಷ ಯೂನಿಟ್‌ನಷ್ಟು ವಿಟಮಿನ್ ಡಿ ಕೊಟ್ಟಾಗ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು.

ನನಗೆ ತುಂಬಾ ಸಂಕಟವಾಗುವುದು ಆಪರೇಷನ್ ಆದವರನ್ನು ‘ಮೂಳೆ ಕೂಡಲಿ’ ಅಂತ ವಾರಗಟ್ಟಲೆ ಮಲಗಿಸಿದಾಗ. ಆರೋಗ್ಯವಾಗಿದ್ದ ವಯಸ್ಸಾದವರನ್ನೇ ಹತ್ತು ದಿನ ಹಾಸಿಗೆಯಲ್ಲಿ ಇರಿಸಿ ಅಳೆದಾಗ, ಕಾಲುಗಳಲ್ಲಿ ಹತ್ತಿರ ಹತ್ತಿರ ಒಂದು ಕೆಜಿ ಮಾಂಸ ಕರಗಿತ್ತು. ಸೊಂಟದ ಆಪರೇಷನ್ ಆದವರನ್ನು, ಸರ್ಜನ್ ಒಪ್ಪಿದರೆ, ಮರುದಿನವೇ ಎಬ್ಬಿಸುತ್ತೇನೆ. ಮೊದಲು ಮಂಚದ ಅಂಚಿನಲ್ಲಿ ಕೂರಿಸಿ ತಲೆ ಸುತ್ತುತ್ತದಾ ಅಂತ ನೋಡುತ್ತೇನೆ. ಆಮೇಲೆ ವಾಕರ್ ಹಿಡಿಸಿ ನಿಲ್ಲಿಸುತ್ತೇನೆ. ಒಂದು ಪಕ್ಕದಲ್ಲಿ ನಾನು, ಇನ್ನೊಂದು ಪಕ್ಕದಲ್ಲಿ ಮನೆಯವರೊಬ್ಬರು. ನಾನಿಲ್ಲದ ದಿನ ಎಬ್ಬಿಸಬೇಕಾದವರು ಅವರೇ, ಅದಕ್ಕೆ ಅವರೂ ಅವತ್ತೇ ಕಲಿಯಬೇಕು.