ಹಳೇ ಲಾರಿಯ ಗೇರ್ ಬಾಕ್ಸ್ ಸದ್ದು: ಬಿಚ್ಚುವ ಮೊದಲೇ ಜಾಗ ಹುಡುಕಿದ ಬಗೆ

ಗೇರ್ ಬಾಕ್ಸ್ ಸದ್ದು ಮಾಡುತ್ತಿದೆ ಅಂದ ಕೂಡಲೇ ಎಲ್ಲರೂ ಕೇಳುವುದು ಎಂಥ ಸದ್ದು ಅಂತ. ಗೊರಗೊರ ಅನ್ನುತ್ತಾ, ಗುಯ್ ಅನ್ನುತ್ತಾ, ಟಕಟಕ ಹೊಡೆಯುತ್ತಾ? ನಾನು ಮೊದಲು ನೋಡುವುದು ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದನ್ನು. ನಿಲ್ಲುವ ಹೊತ್ತು ಇನ್ನೂ ಮುಖ್ಯ. ಒಳಗೆ ಯಾವ ಶಾಫ್ಟ್ ತಿರುಗುತ್ತಿದೆ, ಯಾವುದು ನಿಂತಿದೆ, ಯಾವುದರ ಮೇಲೆ ಭಾರ ಬಿದ್ದಿದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಡ್ರೈವರ್ ಸೀಟಿನಲ್ಲೇ ಮುಗಿಯುತ್ತದೆ.

ನನ್ನ ಹಳೇ ಲಾರಿಗೆ ಐದು ಗೇರ್. ಐದನೆಯದು ಡೈರೆಕ್ಟ್, ಅಂದರೆ ಇಂಜಿನ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೂಡ ಒಂದು ಸುತ್ತು. ಲೋಡ್ ಹೊತ್ತು ಏರು ಹತ್ತುವಾಗ ಕಾಲಡಿಯಿಂದ ಗೊರಗೊರ ಅಂತ ಶುರುವಾಗಿ, ಬರಬರುತ್ತಾ ಜಾಸ್ತಿ ಆಯಿತು.

ಮೊದಲ ಪರೀಕ್ಷೆ ನಿಂತಲ್ಲೇ ಮಾಡಿದೆ. ಚಕ್ರಗಳಿಗೆ ಅಡ್ಡ ಕೊಟ್ಟೆ, ಹ್ಯಾಂಡ್ ಬ್ರೇಕ್ ಎಳೆದೆ, ನ್ಯೂಟ್ರಲ್‌ಗೆ ಹಾಕಿ ಇಂಜಿನ್ ಸ್ಲೋನಲ್ಲಿ ಬಿಟ್ಟೆ. ಕ್ಲಚ್ ಮೇಲಿಂದ ಕಾಲು ಪೂರ್ತಿ ತೆಗೆದಾಗ ಸದ್ದು ಇತ್ತು. ಪೆಡಲ್ ಪೂರ್ತಿ ಒತ್ತಿದೆ. ಸದ್ದು ನಿಧಾನಕ್ಕೆ ಇಳಿದು ನಿಂತೇ ಹೋಯಿತು. ಇದು ದೊಡ್ಡ ಸುಳಿವು. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಿದ್ದಾಗ ಇಂಜಿನ್ನಿನಿಂದ ಶಕ್ತಿ ತರುವ ಇನ್‌ಪುಟ್ ಶಾಫ್ಟ್ ತಿರುಗುತ್ತದೆ, ಅದು ಲೇ ಶಾಫ್ಟ್ ಅನ್ನುವ ಕೆಳಗಿನ ಶಾಫ್ಟನ್ನು ತಿರುಗಿಸುತ್ತದೆ. ಚಕ್ರಗಳ ಕಡೆಗೆ ಶಕ್ತಿ ಕೊಡುವ ಮೇನ್ ಶಾಫ್ಟ್ ಮಾತ್ರ ನಿಂತಿರುತ್ತದೆ. ಕ್ಲಚ್ ಒತ್ತಿದರೆ ಆ ಎರಡೂ ನಿಲ್ಲುತ್ತವೆ. ಹಾಗಾಗಿ ತೊಂದರೆ ಇರುವುದು ಈ ಎರಡರ ಸುತ್ತಲೇ.

ಇದರ ಉಲ್ಟಾ ಆಗಿದ್ದರೆ ದಾರಿ ಬೇರೆ. ಪೆಡಲ್ ಮೇಲೆ ಕಾಲಿಟ್ಟು ಸ್ವಲ್ಪ ಒತ್ತಿದ ಕೂಡಲೇ ಸದ್ದು ಹುಟ್ಟಿದರೆ ಅದು ಸಾಮಾನ್ಯವಾಗಿ ಕ್ಲಚ್ ರಿಲೀಸ್ ಬೇರಿಂಗ್. ಪೆಡಲ್ ಪೂರ್ತಿ ಒತ್ತಿ, ಗೇರ್ ಹಾಕಿ, ಗಾಡಿ ನಿಂತಿರುವಾಗ ಕಿರುಗುಟ್ಟಿದರೆ ಫ್ಲೈವೀಲ್ ಮಧ್ಯದ ಪೈಲಟ್ ಬೇರಿಂಗ್ ಮೇಲೆ ಅನುಮಾನ. ಆಗ ಇನ್‌ಪುಟ್ ಶಾಫ್ಟ್ ನಿಂತಿರುತ್ತದೆ, ಅದರ ಸುತ್ತ ಫ್ಲೈವೀಲ್ ತಿರುಗುತ್ತಿರುತ್ತದೆ. ಈ ಎರಡಕ್ಕೂ ಗೇರ್ ಬಾಕ್ಸ್ ಇಳಿಸಬೇಕು, ನಿಜ. ಆದರೆ ಅದರ ಹೊಟ್ಟೆ ಬಿಚ್ಚಬೇಕಾಗಿಲ್ಲ.

ಇನ್ನೊಂದು ವಿಷಯ. ಡೀಸೆಲ್ ಇಂಜಿನ್ ಸ್ಲೋನಲ್ಲಿ ಒದರುವಾಗ ಗೇರ್ ಹಲ್ಲುಗಳು ಒಂದಕ್ಕೊಂದು ಬಡಿದು ಗಲಗಲ ಅನ್ನುವುದುಂಟು. ಆಕ್ಸಿಲೇಟರ್ ಸ್ವಲ್ಪ ಒತ್ತಿ ನೋಡಿ. ಗಲಗಲ ಹೋದರೆ ಬೇರಿಂಗ್ ಬಿಟ್ಟು ಕ್ಲಚ್ ಪ್ಲೇಟಿನ ಡ್ಯಾಂಪರ್ ಸ್ಪ್ರಿಂಗ್ ಮತ್ತು ಐಡಲಿಂಗ್ ಕಡೆ ನೋಡಿ. ಕೆಟ್ಟ ಬೇರಿಂಗ್ ಸದ್ದು ಆರ್‌ಪಿಎಂ ಏರಿದಂತೆ ತಾನೂ ಏರುತ್ತದೆ. ಈ ಎರಡನ್ನು ಬೇರೆ ಮಾಡದೆ ಸುಮ್ನೆ ಬಾಕ್ಸ್ ಇಳಿಸಿದವರನ್ನು ನೋಡಿದ್ದೇನೆ. ಬಹಳ ಬೇಸರದ ಕೆಲಸ ಅದು.

ಆಮೇಲೆ ರಸ್ತೆಗೆ ಇಳಿದೆ. ಒಂದರಿಂದ ನಾಲ್ಕರವರೆಗೆ ಎಲ್ಲ ಗೇರಿನಲ್ಲೂ ಗೊರಗೊರ. ಐದಕ್ಕೆ ಹಾಕಿದ ಕೂಡಲೇ ಬಹುತೇಕ ಮಾಯ. ಡೈರೆಕ್ಟ್ ಗೇರಿನಲ್ಲಿ ಶಕ್ತಿ ಇನ್‌ಪುಟ್ ಶಾಫ್ಟಿನಿಂದ ನೇರ ಮೇನ್ ಶಾಫ್ಟಿಗೆ ಹೋಗುತ್ತದೆ. ಲೇ ಶಾಫ್ಟ್ ತಿರುಗುತ್ತಿದ್ದರೂ ಅದರ ಮೇಲೆ ಭಾರವಿಲ್ಲ. ಉಳಿದ ಗೇರುಗಳಲ್ಲಿ ಎಲ್ಲ ಭಾರವೂ ಅದರ ಮೂಲಕವೇ ಹೋಗಬೇಕು. ಒಂದೇ ಗೇರಿನಲ್ಲಿ ಸದ್ದಿದ್ದರೆ ಆ ಗೇರಿನ ಜೋಡಿಯನ್ನೇ ನೋಡಬೇಕು. ಎಲ್ಲದರಲ್ಲೂ, ಟಾಪ್‌ನಲ್ಲೂ ಇದ್ದರೆ ಇನ್‌ಪುಟ್ ಬೇರಿಂಗ್ ನೋಡಬೇಕು. ಗಾಡಿ ಓಡುತ್ತಿರುವಾಗ ನ್ಯೂಟ್ರಲ್ ಮಾಡಿ ಕ್ಲಚ್ ಒತ್ತಿದರೂ ಸದ್ದು ಉಳಿದು, ಗಾಡಿಯ ವೇಗದ ಜೊತೆ ಇಳಿದರೆ ಮೇನ್ ಶಾಫ್ಟಿನ ಹಿಂದಿನ ಬೇರಿಂಗ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಡಿಫರೆನ್ಷಿಯಲ್, ವೀಲ್ ಬೇರಿಂಗ್ ಎಲ್ಲವನ್ನೂ ತಡಕಬೇಕು. ಇದನ್ನು ಖಾಲಿ, ಸಮತಟ್ಟಾದ ರಸ್ತೆಯಲ್ಲಿ, ಕಡಿಮೆ ವೇಗದಲ್ಲಿ ಮಾತ್ರ ಮಾಡಿ. ಇಳಿಜಾರಿನಲ್ಲಿ ಲಾರಿಯನ್ನು ನ್ಯೂಟ್ರಲ್ ಮಾಡಲೇಬೇಡಿ.

ಇಲ್ಲಿ ಒಂದು ಗಂಟು ಉಳಿಯುತ್ತದೆ. ಮೇನ್ ಶಾಫ್ಟಿನ ಮೂತಿ ಇನ್‌ಪುಟ್ ಶಾಫ್ಟಿನ ಒಳಗೆ ಕೂರುತ್ತದೆ ಅಲ್ವಾ, ಅಲ್ಲಿನ ಸಣ್ಣ ರೋಲರ್ ಬೇರಿಂಗ್ ಕೂಡ ಡೈರೆಕ್ಟ್ ಗೇರಿನಲ್ಲಿ ಸುಮ್ಮನಾಗುತ್ತದೆ. ಎರಡು ಶಾಫ್ಟೂ ಒಂದೇ ವೇಗದಲ್ಲಿ ತಿರುಗುವುದರಿಂದ ಅದಕ್ಕೆ ಕೆಲಸವೇ ಇರುವುದಿಲ್ಲ. ಇದನ್ನು ಬಿಡಿಸಲು ಉದ್ದನೆಯ ಕಬ್ಬಿಣದ ಸರಳು ತೆಗೆದುಕೊಂಡೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುವಾಗ ಒಂದು ತುದಿಯನ್ನು ಬಾಕ್ಸಿನ ಮೇಲೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೆ ಹಿಡಿದೆ. ಮುಂದೆ ಮೇಲ್ಗಡೆ, ಆ ರೋಲರ್ ಬೇರಿಂಗ್ ಇರುವ ಕಡೆ, ಸಣ್ಣ ಸದ್ದು. ಹಿಂದೆ ಕೆಳಗಡೆ ಜೋರು. ಆ ಜಾಗ ಲೇ ಶಾಫ್ಟಿನ ಹಿಂದಿನ ಬೇರಿಂಗಿನದು.

ಆಯಿಲ್ ಇಳಿಸಿದ್ದು ಇದಾದ ಮೇಲೆ. ಬಾಕ್ಸ್ ಬಿಸಿಯಿರುವಾಗಲೇ ಇಳಿಸಿದರೆ ತಳದ ಚೂರೂ ಜೊತೆಗೆ ಬರುತ್ತದೆ. ಆದರೆ ಮೊದಲು ಬಿಚ್ಚಬೇಕಾದ್ದು ಆಯಿಲ್ ತುಂಬುವ ಪ್ಲಗ್. ಅದು ಹಿಡಿದುಕೊಂಡು ಕೂತಿದ್ದರೆ, ಕೆಳಗಿನದನ್ನು ಬಿಚ್ಚಿ ಆಯಿಲ್ ಖಾಲಿ ಮಾಡಿದ ಮೇಲೆ ಮತ್ತೆ ತುಂಬಲು ದಾರಿಯಿಲ್ಲ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಅದು ಮಾಮೂಲಿ ಸವೆತ. ನನ್ನದರಲ್ಲಿ ಪೇಸ್ಟಿನ ನಡುವೆ ತೆಳ್ಳಗಿನ ಸಿಪ್ಪೆಯಂಥ ಉಕ್ಕಿನ ಚೂರುಗಳಿದ್ದವು. ಒಂದು ಮೈ ಹೊಳೆಯುತ್ತಿತ್ತು, ಇನ್ನೊಂದು ಒರಟು. ಬೇರಿಂಗಿನ ರೇಸ್, ಅಂದರೆ ಗುಂಡು ಅಥವಾ ರೋಲರ್ ಉರುಳುವ ಉಕ್ಕಿನ ಬಳೆ, ಪದರ ಬಿಡುವಾಗ ಬರುವುದು ಇಂಥವೇ. ಗೇರ್ ಹಲ್ಲು ಮುರಿದಿದ್ದರೆ ದಪ್ಪ, ಮೂಲೆ ಇರುವ ತುಂಡು ಸಿಗುತ್ತದೆ. ಆಯಿಲ್ಲಿನಲ್ಲಿ ಬಂಗಾರದ ಬಣ್ಣದ ಮಿನುಗೂ ಕಂಡಿತು. ಹಿತ್ತಾಳೆ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ಬಿಸಿಲಿಗೆ ಹಿಡಿದು ನೋಡಬೇಕು. ಅದು ಸಿಂಕ್ರೋ ರಿಂಗ್ ಸವೆತ, ಅಂದರೆ ಗೇರ್ ಬೀಳುವ ಮೊದಲು ಗೇರ್ ಮತ್ತು ಶಾಫ್ಟಿನ ವೇಗ ಸಮ ಮಾಡುವ ಹಿತ್ತಾಳೆ ಬಳೆಯದು.

ಮೂರನೇ ಗೇರ್ ಕೆಲವು ಸಲ ಕರ್ ಅನ್ನುತ್ತಿದ್ದದ್ದಕ್ಕೆ ಇದು ಹೊಂದುತ್ತಿತ್ತು. ಪೆಡಲ್ ಒತ್ತಿದಾಗ ಕ್ಲಚ್ ಇಂಜಿನ್ನಿನಿಂದ ಪೂರ್ತಿ ಬೇರೆಯಾಗದೇ ಇದ್ದರೂ ಕರ್ ಅನ್ನುತ್ತದೆ, ಹಾಗಾಗಿ ಅದನ್ನು ಮೊದಲೇ ನೋಡಿದ್ದೆ. ಕ್ಲಚ್ ಒತ್ತಿ, ಸ್ವಲ್ಪ ಕಾದು, ಸಿಂಕ್ರೋ ಇಲ್ಲದ ರಿವರ್ಸ್‌ಗೆ ಹಾಕಿದರೆ ತಣ್ಣಗೆ ಬಿತ್ತು. ಕ್ಲಚ್ ಸರಿಯಿತ್ತು.

ಇಷ್ಟಾದ ಮೇಲೆ ಬಾಕ್ಸ್ ಇಳಿಸಿದೆ. ಇದು ಒಬ್ಬರ ಕೆಲಸವಲ್ಲ, ಸರಿಯಾದ ಜಾಕ್ ಬೇಕೇಬೇಕು. ಲೇ ಶಾಫ್ಟಿನ ಹಿಂದಿನ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ನಾಲ್ಕು ಹನಿ ಆಯಿಲ್ ಬಿಟ್ಟು, ಬೆರಳಿನಿಂದ ಒತ್ತಿ ಹಿಡಿದು ನಿಧಾನಕ್ಕೆ ತಿರುಗಿಸಿದೆ. ಒಂದು ಜಾಗದಲ್ಲಿ ತಡೆಯುತ್ತಿತ್ತು. ಗಾಳಿ ಹೊಡೆದು ಬೇರಿಂಗ್ ತಿರುಗಿಸಬೇಡಿ, ಅದು ಅಪಾಯ, ತಡೆಯೂ ತಿಳಿಯುವುದಿಲ್ಲ. ಹೊರಗಿನ ರೇಸ್‌ನಲ್ಲಿ ಒಂದೇ ಪಕ್ಕದಲ್ಲಿ ಎಳ್ಳು ಕಾಳಿನಷ್ಟು ಗುಂಡಿಗಳು ಒಂದಕ್ಕೊಂದು ಸೇರಿಕೊಂಡಿದ್ದವು. ಉಳಿದ ಸುತ್ತೆಲ್ಲ ನುಣುಪು. ಹೊರ ರೇಸ್ ತಿರುಗುವುದಿಲ್ಲ. ಗೇರುಗಳು ತಳ್ಳುವ ಒತ್ತಡ ಯಾವಾಗಲೂ ಒಂದೇ ಕಡೆ ಬೀಳುತ್ತದೆ, ಅಲ್ಲೇ ಉಕ್ಕು ದಣಿದು ಪದರ ಬಿಡುತ್ತದೆ.

ಮೂರನೇ ಗೇರಿನ ಸಿಂಕ್ರೋ ರಿಂಗನ್ನು ಗೇರಿನ ಕೋನ್ ಮೇಲೆ ಒತ್ತಿ, ರಿಂಗ್ ಮತ್ತು ಗೇರಿನ ನಡುವಿನ ಸಂದನ್ನು ತೆಳು ಪಟ್ಟಿಗಳ ಫೀಲರ್ ಗೇಜಿನಿಂದ ಅಳೆದೆ. ರಿಂಗ್ ಸವೆದಷ್ಟೂ ಒಳಗೆ ಕೂರುತ್ತದೆ, ಸಂದು ಕಿರಿದಾಗುತ್ತದೆ. ಮ್ಯಾನುಯಲ್‌ನಲ್ಲಿ ಹೇಳಿದ ಮಿತಿಗಿಂತ ಕಡಿಮೆ ಇತ್ತು.

ಲೇ ಶಾಫ್ಟಿನ ಎರಡೂ ಬೇರಿಂಗ್, ಇನ್‌ಪುಟ್ ಬೇರಿಂಗ್, ಆ ರಿಂಗ್, ಆಯಿಲ್ ಸೀಲುಗಳನ್ನು ಹೊಸದು ಹಾಕಿದೆ. ಗೇರುಗಳನ್ನು ಮುಟ್ಟಲಿಲ್ಲ. ಹಲ್ಲುಗಳ ಮೈ ಹೊಳಪಾಗಿತ್ತು, ಗುಂಡಿ ಬಿದ್ದಿರಲಿಲ್ಲ. ಜೊತೆಗೆ ಸವೆದು ಹೊಂದಿಕೊಂಡ ಜೋಡಿಯಲ್ಲಿ ಒಂದನ್ನು ಮಾತ್ರ ಬದಲಿಸಿದರೆ ಹೊಸ ಸದ್ದು ಕೊಂಡು ತಂದಂತೆ. ಬದಲಿಸುವುದಾದರೆ ಜೋಡಿಯನ್ನೇ ಬದಲಿಸಬೇಕು. ಆಯಿಲ್ ಮ್ಯಾನುಯಲ್ ಹೇಳಿದ ಜಿಎಲ್-4 ದರ್ಜೆಯದೇ. ಕೆಲವು ಜಿಎಲ್-5 ಆಯಿಲ್‌ಗಳಲ್ಲಿರುವ ಗಂಧಕದ ಅಂಶ ಹಿತ್ತಾಳೆ ರಿಂಗುಗಳನ್ನು ತಿನ್ನಬಹುದು.

ಸ್ವಲ್ಪ ಓಡಿಸಿ ಆ ಆಯಿಲ್ಲನ್ನೂ ಬೇಗನೇ ಬದಲಿಸಿದೆ. ಮ್ಯಾಗ್ನೆಟ್ ಮೇಲೆ ಬರೀ ಬೂದು ಪೇಸ್ಟ್ ಇತ್ತು, ಸಿಪ್ಪೆ ಇರಲಿಲ್ಲ. ಏರಿನಲ್ಲಿ ಗೊರಗೊರ ಇಲ್ಲ, ಮೂರನೇ ಗೇರ್ ಸಲೀಸಾಗಿ ಬೀಳುತ್ತದೆ. ರಿವರ್ಸ್‌ನಲ್ಲಿ ಗುಯ್ ಅನ್ನುವುದು ಹಾಗೇ ಇದೆ. ಅದು ನೇರ ಹಲ್ಲಿನ ಗೇರಿನ ಸ್ವಭಾವ, ರಿಪೇರಿ ಬೇಕಿಲ್ಲ.